ಶಾಂತ ನೆಲ ನಡುಗುವುದೇಕೆ? ದಖ್ಖನಿನ ಭೂಕಂಪಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಭಾರತದ್ದು ಗಟ್ಟಿ ನೆಲ, ಇಲ್ಲಿ ಭೂಕಂಪವಾಗುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೆವಲ್ಲ?

ಓದಿದ್ದು ಅರ್ಧ ಸರಿ. ಧಾರವಾಡ ಶಿಲಾವಲಯದ ಕಲ್ಲುಗಳಿಗೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮೀರಿದ ವಯಸ್ಸಿದೆ. ಹಿಮಾಲಯದಂತೆ ಇಲ್ಲಿ ಭೂಫಲಕಗಳ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳ, ಅಂಚಿಲ್ಲ. ಹೀಗಾಗಿ ಭೂಕಂಪಗಳು ವಿರಳ, ಆದರೆ ಇಲ್ಲವೇ ಇಲ್ಲವೆಂದಲ್ಲ. 1843ರಲ್ಲಿ ಬಳ್ಳಾರಿ ಸುತ್ತಮುತ್ತ ನೆಲ ನಡುಗಿತ್ತು. 1900ರ ಫೆಬ್ರುವರಿಯಲ್ಲಿ ಕೊಯಮತ್ತೂರು ಬಳಿ ಸುಮಾರು 6ರ ತೀವ್ರತೆಯ ಭೂಕಂಪವಾಯಿತು. 1967ರಲ್ಲಿ ಕೊಯ್ನಾ, 1993ರಲ್ಲಿ ಕಿಲ್ಲಾರಿ, 1997ರಲ್ಲಿ ಜಬಲ್ಪುರ. ಎಲ್ಲವೂ ಫಲಕದ ಅಂಚಿನಿಂದ ದೂರ, ಪರ್ಯಾಯ ದ್ವೀಪದ ಒಡಲಿನಲ್ಲೇ ಆದವು.

ತೊಂದರೆ ಇರುವುದು ನಮ್ಮ ನೆನಪಿನ ಅಳತೆಯಲ್ಲಿ. ಇಂಥ ಪ್ರದೇಶದ ಒಂದು ಬಿರುಕು ಒಮ್ಮೆ ಜಾರಿ ಮತ್ತೆ ಜಾರಲು ಸಾವಿರಾರು ವರ್ಷ ಹಿಡಿಯಬಹುದು. ಉಪಕರಣಗಳ ದಾಖಲೆ ನೂರು ವರ್ಷ ಚಿಲ್ಲರೆಯದು. ಅದರ ಹಿಂದಿನದಕ್ಕೆ ಅಲ್ಲೊಂದು ಇಲ್ಲೊಂದು ಬರಹದ ಉಲ್ಲೇಖವನ್ನೇ ನೆಚ್ಚಬೇಕು. ‘ನಮ್ಮ ಅಜ್ಜನ ಕಾಲದಲ್ಲೂ ಆಗಿಲ್ಲ’ ಎನ್ನುವ ಮಾತು ಸತ್ಯವಾಗಿದ್ದರೂ ಅದರಿಂದ ನೆಲದ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ಹಿಮಾಲಯದಿಂದ ಇಷ್ಟು ದೂರದಲ್ಲಿ ಒತ್ತಡ ಎಲ್ಲಿಂದ ಬರುತ್ತದೆ?

ಹಿಮಾಲಯದಿಂದಲೇ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಉತ್ತರದತ್ತ ಸರಿಯುತ್ತಿದೆ. ಅತ್ತ ಏಷ್ಯಾದ ಫಲಕ ಅಡ್ಡ ನಿಂತಿದೆ. ಆ ತಳ್ಳಾಟದ ಬಹುಪಾಲು ಹಿಮಾಲಯದಲ್ಲೇ ಖರ್ಚಾದರೂ ಫಲಕದ ಒಳಗೆಲ್ಲ ಅದರ ಒತ್ತಡ ಹರಡಿರುತ್ತದೆ. ದಖ್ಖನಿನ ತಳದಲ್ಲಿರುವ ಕಲ್ಲು ಉತ್ತರ–ದಕ್ಷಿಣ ದಿಕ್ಕಿನಲ್ಲಿ ಸದಾ ಹಿಂಡಿಸಿಕೊಳ್ಳುತ್ತಲೇ ಇದೆ.

ಹಾಗಾದರೆ ಎಲ್ಲ ಕಡೆಯೂ ಆಗಬೇಕಿತ್ತು. ಕೆಲವು ಜಾಗಗಳಲ್ಲೇ ಏಕೆ?

ಹಿಂಡುವ ಬಲ ಎಲ್ಲ ಕಡೆಗೂ ಒಂದೇ ಆದರೂ ಕಲ್ಲು ಒಂದೇ ಅಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಈ ಭೂಖಂಡ ಹಲವೆಡೆ ಸೀಳಲು ಹೊರಟು ಅರ್ಧಕ್ಕೇ ನಿಂತಿತು. ನರ್ಮದಾ–ಸೋನ್ ಕಣಿವೆ, ಗೋದಾವರಿ ಕಣಿವೆ, ಕಚ್ಛ್ ಇವೆಲ್ಲ ಆ ಹಳೆಯ ಗಾಯದ ಗುರುತುಗಳು. ಹಿಂದೆ ಎಳೆತಕ್ಕೆ ಸಿಕ್ಕಿ ಸೀಳಿದ್ದ ಸ್ತರಭಂಗಗಳು, ಅಂದರೆ ಕಲ್ಲು ಜಾರುವ ಬಿರುಕುಗಳು, ಇಂದಿನ ಹಿಂಡಿಕೆಗೆ ಉಲ್ಟಾ ದಿಕ್ಕಿನಲ್ಲಿ ಜಾರುತ್ತವೆ. ಅಮೆರಿಕದ ಮಿಸಿಸಿಪಿ ಕಣಿವೆಯ ನ್ಯೂ ಮ್ಯಾಡ್ರಿಡ್‌ನಲ್ಲಿ 1811–12ರ ಚಳಿಗಾಲದಲ್ಲಿ ಸಾಲಾಗಿ ಸಂಭವಿಸಿದ ಭಾರಿ ಭೂಕಂಪಗಳಿಗೂ ಇಂಥದೇ ಅರ್ಧಕ್ಕೆ ನಿಂತ ಸೀಳು ಕಾರಣ.

ದಖ್ಖನಿನಲ್ಲಿ ಇನ್ನೊಂದು ತೊಡಕಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಹಳೆಯ ನೆಲವನ್ನೆಲ್ಲ ಮುಚ್ಚಿದೆ. ಕೊಯ್ನಾದಲ್ಲಿ ಈ ಕಪ್ಪು ಕಲ್ಲಿನ ಹೊದಿಕೆ ಒಂದು ಕಿಲೋಮೀಟರಿಗೂ ದಪ್ಪ, ಕಿಲ್ಲಾರಿಯಲ್ಲಿ ಮುನ್ನೂರು ಮೀಟರಿಗೂ ಹೆಚ್ಚು. ಅದರ ಅಡಿಯಲ್ಲಿರುವ ಬಿರುಕು ಮೇಲಿನ ಹೊಲದಲ್ಲಿ ನಡೆದಾಡುವ ಭೂವಿಜ್ಞಾನಿಗೆ ಕಾಣುವುದಿಲ್ಲ.

ಕಿಲ್ಲಾರಿಯಲ್ಲಿ ನಿಜಕ್ಕೂ ಏನಾಯಿತು?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ, ಮಹಾರಾಷ್ಟ್ರದ ಲಾತೂರು–ಉಸ್ಮಾನಾಬಾದ್ ಜಿಲ್ಲೆಗಳ ಗಡಿಯಲ್ಲಿ 6.2ರ ತೀವ್ರತೆಯ ಭೂಕಂಪವಾಯಿತು. ಗಣಪತಿ ವಿಸರ್ಜನೆ ಮುಗಿಸಿ ಊರು ಮಲಗಿತ್ತು. ಸತ್ತವರು ಹತ್ತು ಸಾವಿರಕ್ಕೆ ಹತ್ತಿರ. ನೇರ ಗೆರೆ ಎಳೆದರೆ ಕಿಲ್ಲಾರಿಯಿಂದ ಬಸವಕಲ್ಯಾಣ ಐವತ್ತು ಕಿಲೋಮೀಟರ್ ಕೂಡ ಇಲ್ಲ. ಬೀದರ, ಕಲಬುರಗಿ ಕಡೆಯ ಹಿರಿಯರನ್ನು ಕೇಳಿದರೆ ಆ ರಾತ್ರಿಯ ಬಗ್ಗೆ ಇನ್ನೂ ಹೇಳುತ್ತಾರೆ.

ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಭೂಕಂಪದ ಮೂಲ ಬಹಳ ಮೇಲ್ಮಟ್ಟದಲ್ಲಿತ್ತು. ನೆಲ ಸೀಳಿದ್ದು ಹೊಲಗಳಲ್ಲೇ ಕಾಣುತ್ತಿತ್ತು. 6.2 ಎಂಬುದು ಜಗತ್ತಿನ ಲೆಕ್ಕದಲ್ಲಿ ದೈತ್ಯ ಭೂಕಂಪವೇನಲ್ಲ. ಅಷ್ಟು ಸಾವಿಗೆ ಭೂಕಂಪದಷ್ಟೇ ಹೊಣೆ ಮನೆಗಳದ್ದು. ಗುಂಡುಕಲ್ಲನ್ನು ಮಣ್ಣಿನಲ್ಲಿ ಜೋಡಿಸಿದ ದಪ್ಪ ಗೋಡೆ, ತೊಲೆ–ಜಂತಿಗಳ ಮೇಲೆ ಮೊಳಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಗೆ ತಂಪಾದ ಆ ಮಾಳಿಗೆಯೇ ಮಲಗಿದ್ದವರ ಮೇಲೆ ಬಿತ್ತು.

ಕಾರಣ ಏನೆಂಬ ಚರ್ಚೆ ಪೂರ್ತಿ ಮುಗಿದಿಲ್ಲ. ಲಾವಾ ಹೊದಿಕೆಯ ಕೆಳಗಿನ ಹಳೆಯ ಬಿರುಕು ಜಾರಿತೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಸಮೀಪದ ಲೋವರ್ ತೇರ್ಣಾ ಜಲಾಶಯದ ನೀರು ನೆಪವಾಯಿತೇ ಎಂಬುದರ ಬಗ್ಗೆ ಎರಡು ಮಾತಿದೆ.

ಅಣೆಕಟ್ಟಿನಿಂದ ಭೂಕಂಪ ಆಗುತ್ತದೆ ಎನ್ನುವುದು ನಿಜವೇ?

ನಿಜ. ಅದಕ್ಕೆ ಜಗತ್ತೇ ಬೆರಳು ಮಾಡುವ ಉದಾಹರಣೆ ನಮ್ಮ ನೆರೆಯಲ್ಲೇ, ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿದೆ. 103 ಮೀಟರ್ ಎತ್ತರದ ಅಣೆಕಟ್ಟು. 1962ರ ಹೊತ್ತಿಗೆ ಶಿವಸಾಗರ ಜಲಾಶಯ ತುಂಬತೊಡಗಿತು, ಬೆನ್ನಲ್ಲೇ ಸಣ್ಣ ಕಂಪನಗಳು ಆರಂಭವಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3ರ ಭೂಕಂಪ ಕೊಯ್ನಾನಗರವನ್ನು ಕೆಡವಿತು. ಸುಮಾರು 180 ಜನ ಸತ್ತರು. ಅಣೆಕಟ್ಟಿನಲ್ಲೂ ಬಿರುಕು ಬಿದ್ದು, ಆಮೇಲೆ ಅದನ್ನು ಬಲಪಡಿಸಬೇಕಾಯಿತು. ಜಲಾಶಯದ ಪ್ರಚೋದನೆಯಿಂದಾದ ಭೂಕಂಪಗಳಲ್ಲಿ ಇದನ್ನೇ ಅತಿ ದೊಡ್ಡದೆಂದು ಎಣಿಸುತ್ತಾರೆ.

ಕೆಲಸ ನಡೆಯುವ ಬಗೆ ಹೀಗೆ. ಮೊದಲನೆಯದು ನೀರಿನ ಭಾರ. ಅದಕ್ಕಿಂತ ಮುಖ್ಯವಾದದ್ದು ನೀರಿನ ಒತ್ತಡ. ಜಲಾಶಯದ ನೀರು ಬಿರುಕುಗಳ ಮೂಲಕ ಕಿಲೋಮೀಟರ್‌ಗಟ್ಟಲೆ ಕೆಳಗಿನವರೆಗೂ ತನ್ನ ಒತ್ತಡ ತಲುಪಿಸುತ್ತದೆ. ಬಿರುಕಿನ ಎರಡು ಮೈಗಳನ್ನು ಒತ್ತಿ ಹಿಡಿದಿದ್ದ ಬಲ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ, ಘರ್ಷಣೆ ತಗ್ಗುತ್ತದೆ, ಜಾರಲು ಕಾದಿದ್ದ ಬಿರುಕು ಜಾರುತ್ತದೆ. ಈ ಒತ್ತಡ ಆಳಕ್ಕೆ ಇಳಿಯಲು ತಿಂಗಳುಗಳೋ ವರ್ಷಗಳೋ ಬೇಕು. ಅಣೆಕಟ್ಟು ತುಂಬಿದ ದಿನವೇ ನೆಲ ನಡುಗದೆ ತಡವಾಗುವುದು ಅದಕ್ಕೇ.

ಇಲ್ಲಿ ಲೆಕ್ಕವೊಂದನ್ನು ನೋಡಬೇಕು. ನೂರು ಮೀಟರ್ ನೀರು ತನ್ನ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಕಿಲೋಗ್ರಾಂ ಒತ್ತುತ್ತದೆ. ಹತ್ತು ಕಿಲೋಮೀಟರ್ ಆಳದಲ್ಲಿ ಮೇಲಿನ ಕಲ್ಲು ಒತ್ತುವುದು ಎರಡೂವರೆ ಸಾವಿರಕ್ಕೂ ಹೆಚ್ಚು. ನೀರಿನದು ಅದರ ಮುಂದೆ ಯಾವ ಲೆಕ್ಕ? ಭೂಕಂಪದ ಶಕ್ತಿಯನ್ನು ಕೂಡಿಟ್ಟಿದ್ದು ಭೂಫಲಕದ ಚಲನೆ. ನೀರು ಮಾಡಿದ್ದು ಕೊನೆಯ ನೂಕನ್ನು ಮಾತ್ರ. ವಿಜ್ಞಾನಿಗಳು ‘ಪ್ರಚೋದಿತ’ ಎಂಬ ಪದವನ್ನು ಆರಿಸಿಕೊಂಡದ್ದು ಇದಕ್ಕಾಗಿ.

ಕೊಯ್ನಾದಲ್ಲಿ ಆರು ದಶಕಗಳಾದರೂ ಕಂಪನ ನಿಂತಿಲ್ಲ. 1985ರಲ್ಲಿ ಪಕ್ಕದ ವಾರಣಾ ಜಲಾಶಯ ತುಂಬತೊಡಗಿದ ಮೇಲೆ ಚಟುವಟಿಕೆ ದಕ್ಷಿಣಕ್ಕೂ ಹಬ್ಬಿತು. ಮಳೆಗಾಲದಲ್ಲಿ ನೀರು ಏರಿದ ಮೇಲೆ ಒಮ್ಮೆ, ಚಳಿಗಾಲದಲ್ಲಿ ನೀರು ಇಳಿಯುವಾಗ ಇನ್ನೊಮ್ಮೆ ಕಂಪನಗಳು ಹೆಚ್ಚುತ್ತವೆ. ನೀರು ಎಷ್ಟು ಎತ್ತರಕ್ಕೆ ಏರಿತು, ಎಷ್ಟು ವೇಗವಾಗಿ ಏರಿತು, ಎಷ್ಟು ದಿನ ನಿಂತಿತು ಎಂಬ ಮೂರನ್ನೂ ಭೂಭೌತವಿಜ್ಞಾನಿ ಹರ್ಷ ಗುಪ್ತಾ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಕಂಪನಗಳೊಂದಿಗೆ ತಾಳೆ ನೋಡಿದರು. ಭೂಕಂಪಗಳೆಲ್ಲ ಸುಮಾರು 20 ಕಿ.ಮೀ. ಅಗಲ, 30 ಕಿ.ಮೀ. ಉದ್ದದ ಪಟ್ಟಿಯೊಳಗೇ ಆಗುವುದರಿಂದ ಅಲ್ಲಿ ಮೂರು ಕಿಲೋಮೀಟರ್ ಆಳದ ಪ್ರಾಯೋಗಿಕ ಕೊಳವೆಯನ್ನೂ ಕೊರೆಯಲಾಗಿದೆ.

ಹಾಗಾದರೆ ಆಲಮಟ್ಟಿ, ತುಂಗಭದ್ರಾ, ಕನ್ನಂಬಾಡಿ ಕಟ್ಟೆಗಳ ಗತಿ?

ಜಗತ್ತಿನ ಸಾವಿರಾರು ದೊಡ್ಡ ಜಲಾಶಯಗಳಲ್ಲಿ ಇಂಥ ಕಂಪನ ತಂದವು ಬೆರಳೆಣಿಕೆಯಷ್ಟಲ್ಲವಾದರೂ ಸಣ್ಣ ಪಾಲು. 6ರ ಮೇಲಿನ ಭೂಕಂಪ ತಂದವಂತೂ ಕೆಲವೇ: ಚೀನಾದ ಶಿನ್‌ಫೆಂಗ್‌ಜಿಯಾಂಗ್, ಆಫ್ರಿಕಾದ ಕರೀಬಾ, ಗ್ರೀಸಿನ ಕ್ರೆಮಾಸ್ಟಾ ಮತ್ತು ಕೊಯ್ನಾ. ಅಡಿಯಲ್ಲಿ ಜಾರಲು ಸಿದ್ಧವಾಗಿರುವ ಬಿರುಕಿಲ್ಲದಿದ್ದರೆ ನೀರು ಎಷ್ಟು ನಿಂತರೂ ಏನೂ ಆಗದು. ದಶಕಗಳಿಂದ ತುಂಬಿ ಬರಿದಾಗುತ್ತಲೇ ಇರುವ ಕಟ್ಟೆಗಳ ದಾಖಲೆಯೇ ಅವುಗಳ ಪರವಾದ ಸಾಕ್ಷಿ.

ನಮ್ಮೂರಲ್ಲಿ ಮಳೆ ಮುಗಿದ ಮೇಲೆ ನೆಲದೊಳಗಿಂದ ಢಂ ಎಂಬ ಸದ್ದು ಬರುತ್ತದೆ. ಹತ್ತಿರದಲ್ಲಿ ಯಾವ ಅಣೆಕಟ್ಟೂ ಇಲ್ಲ.

ವಿಜಯಪುರ, ಕಲಬುರಗಿ ಕಡೆಯವರು ಹೆಚ್ಚು ಕೇಳುವ ಪ್ರಶ್ನೆ ಇದು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತಲಿನ ಹಳ್ಳಿಗಳಲ್ಲಿ ಸದ್ದು ಮತ್ತು ಕಂಪನ ಸಾಲುಗಟ್ಟಿ ಬಂದು, ಒಂದು ಕಂಪನ 4ರ ಆಸುಪಾಸಿಗೂ ಏರಿತು. ಜನ ಮನೆಯೊಳಗೆ ಮಲಗಲು ಹೆದರಿದರು. ಅದೇ ವರ್ಷ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 3ರ ಹತ್ತಿರದ ಎರಡು ಕಂಪನಗಳು ನಿಮಿಷಗಳ ಅಂತರದಲ್ಲಿ ಆದವು. 2022ರ ಮುಂಗಾರಿನಲ್ಲಿ ಕೊಡಗು–ಸುಳ್ಯದ ಗಡಿಯ ಸರದಿ.

ಇವುಗಳಿಗೆ ಹೆಚ್ಚಾಗಿ ಕೊಡುವ ವಿವರಣೆ ಮಳೆ ನೀರಿನದು. ಒಳ್ಳೆಯ ಮಳೆಯಾದ ವರ್ಷ ನೀರು ಬಿರುಕುಗಳಲ್ಲಿ ಇಳಿದು, ಕೊಯ್ನಾದಲ್ಲಿ ಜಲಾಶಯ ಮಾಡಿದ ಕೆಲಸವನ್ನೇ ಚಿಕ್ಕ ಪ್ರಮಾಣದಲ್ಲಿ, ಕಡಿಮೆ ಆಳದಲ್ಲಿ ಮಾಡುತ್ತದೆ. ಚಿಂಚೋಳಿ–ಸೇಡಂ ಕಡೆಯ ಸುಣ್ಣಕಲ್ಲಿನಲ್ಲಿ ನೀರು ಕೊರೆದ ಸಂದುಗಳೂ ಇವೆ. ಮೇಲ್ಮಟ್ಟದ ಕಂಪನದ ಅಲೆ ಗಾಳಿಗೆ ದಾಟಿದಾಗ ಕಿವಿಗೆ ಸದ್ದಾಗಿ ಕೇಳುತ್ತದೆ; ಅದಕ್ಕೇ ಎಷ್ಟೋ ಸಲ ನಡುಕಕ್ಕಿಂತ ಸದ್ದೇ ಜೋರು. ವಿವರಣೆ ನನಗೆ ಒಪ್ಪಿತ, ಆದರೆ ಮಾಧ್ಯಮಗಳಲ್ಲಿ ಅದನ್ನು ಹೇಳುವ ಧಾಟಿ ಒಪ್ಪಿತವಲ್ಲ. ‘ಮಳೆಯಿಂದ ಆಗಿದ್ದು, ಭಯ ಬೇಡ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕಂಪನ ಮಳೆಯಿಂದ ಶುರುವಾಯಿತೆಂಬ ಒಂದೇ ಕಾರಣಕ್ಕೆ ಅದು ಸಣ್ಣದಾಗಿಯೇ ಉಳಿಯಬೇಕೆಂದೇನೂ ಇಲ್ಲ.

ಕೊಳವೆಬಾವಿ ಕೊರೆದು ನೀರು ಬರಿದು ಮಾಡಿದ್ದರಿಂದ ಭೂಮಿ ಟೊಳ್ಳಾಗಿ ಕುಸಿಯುತ್ತಿದೆಯೇ?

ಟೊಳ್ಳಾಗುವ ಕಲ್ಪನೆ ತಪ್ಪು. ನೀರು ಇರುವುದು ಕಲ್ಲಿನ ಸಂದುಗಳಲ್ಲಿ, ದೊಡ್ಡ ಗುಹೆಯಲ್ಲಲ್ಲ. ಆದರೆ ಅಂತರ್ಜಲ ಅತಿಯಾಗಿ ತೆಗೆದರೆ ನೆಲದ ಮೇಲಿನ ಭಾರ ಬದಲಾಗುತ್ತದೆ ಎಂಬುದು ದಿಟ. 2011ರಲ್ಲಿ ಸ್ಪೇನಿನ ಲೋರ್ಕಾದಲ್ಲಿ 5.1ರ ಭೂಕಂಪಕ್ಕೆ ಒಂಬತ್ತು ಜನ ಬಲಿಯಾದರು. ಅಲ್ಲಿ ಅಂತರ್ಜಲ ದಶಕಗಳಲ್ಲಿ ಸುಮಾರು 250 ಮೀಟರ್ ಕುಸಿದಿತ್ತು, ಅದಕ್ಕೂ ಭೂಕಂಪಕ್ಕೂ ನಂಟಿದೆ ಎಂದು ಸಂಶೋಧಕರು ತೋರಿಸಿದರು. ಲೋರ್ಕಾದ ಬಿರುಕು ಮೊದಲೇ ಜೀವಂತವಾಗಿತ್ತು ಎಂಬುದನ್ನೂ ಸೇರಿಸಿ ಓದಬೇಕು. ಕೋಲಾರದ ಕೊಳವೆಬಾವಿಗಳಿಗೆ ಈ ಉದಾಹರಣೆಯನ್ನು ಹಾಗೆಯೇ ಅಂಟಿಸಲಾಗದು.

ಮನುಷ್ಯರ ಕೈವಾಡ ಖಚಿತವಾಗಿ ಸಾಬೀತಾದ ಬೇರೆ ಪ್ರಕರಣಗಳಿವೆಯೇ?

ಇವೆ. ಅಮೆರಿಕದ ಡೆನ್ವರ್ ಬಳಿ ಸೇನೆಯ ರಾಸಾಯನಿಕ ಘಟಕವೊಂದು 3,671 ಮೀಟರ್ ಆಳದ ಬಾವಿ ಕೊರೆದು 1962ರಲ್ಲಿ ತ್ಯಾಜ್ಯ ದ್ರವವನ್ನು ಒಳಗೆ ನೂಕತೊಡಗಿತು. ಕಂಪನಗಳೇ ಅಪರೂಪವಾಗಿದ್ದ ನಗರ ಅದುರತೊಡಗಿತು. ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ದ್ರವ ತುಂಬಿದ ತಿಂಗಳುಗಳನ್ನೂ ಕಂಪನದ ತಿಂಗಳುಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ, 1966ರಲ್ಲಿ ಕೆಲಸ ನಿಂತಿತು. ಅಚ್ಚರಿಯೆಂದರೆ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ನಿಲ್ಲಿಸಿ ವರ್ಷ ಕಳೆದ ಮೇಲೆ. ಒಳಗೆ ಹೋದ ಒತ್ತಡ ಹರಡುತ್ತಲೇ ಇತ್ತು.

ಒಕ್ಲಹೋಮಾದ ಕಥೆ ಇನ್ನೂ ದೊಡ್ಡದು. 2008ರವರೆಗೆ ಅಲ್ಲಿ 3ರ ಮೇಲಿನ ಭೂಕಂಪ ವರ್ಷಕ್ಕೆ ಸರಾಸರಿ ಒಂದೆರಡು. 2015ರಲ್ಲಿ ಎಂಟುನೂರಕ್ಕೂ ಹೆಚ್ಚು. ತೈಲದ ಜೊತೆ ಮೇಲೆ ಬರುವ ಉಪ್ಪು ನೀರನ್ನು ಆಳದ ಪದರಗಳಿಗೆ ಮರಳಿ ನೂಕಿದ್ದು ಕಾರಣ. 2016ರ ಸೆಪ್ಟೆಂಬರಿನಲ್ಲಿ ಪಾನಿ ಪಟ್ಟಣದ ಬಳಿ 5.8ರ ಭೂಕಂಪವೂ ಆಯಿತು. ನೂಕುವ ಪ್ರಮಾಣಕ್ಕೆ ಕಡಿವಾಣ ಹಾಕಿದ ಮೇಲೆ ಸಂಖ್ಯೆ ಇಳಿಯಿತು.

ಹೊರತೆಗೆದರೂ ನಡುಗುತ್ತದೆ: ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ದಶಕಗಳ ಕಾಲ ಅನಿಲ ತೆಗೆದು ಪದರ ಕುಗ್ಗಿ, 2012ರಲ್ಲಿ 3.6ರ ಕಂಪನವಾಯಿತು. ಮನೆಗಳು ಬಿರುಕುಬಿಟ್ಟ ಜನರ ಹೋರಾಟದ ಫಲವಾಗಿ 2024ರಲ್ಲಿ ಆ ಅನಿಲ ಕ್ಷೇತ್ರವನ್ನು ಕಾನೂನಿನ ಮೂಲಕವೇ ಮುಚ್ಚಿದರು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರಲ್ಲಿ 5.4ರ ಭೂಕಂಪಕ್ಕೆ ಭೂಶಾಖದ ವಿದ್ಯುತ್ ಯೋಜನೆಗಾಗಿ ಒಳನೂಕಿದ ನೀರು ಕಾರಣ ಎಂದು ಸರ್ಕಾರ ನೇಮಿಸಿದ ತಜ್ಞರೇ ಹೇಳಿದರು. ಹಸಿರು ಇಂಧನವೆಂಬ ಹಣೆಪಟ್ಟಿಯನ್ನು ಬಿರುಕು ಗುರುತಿಸುವುದಿಲ್ಲ.

ಕಲ್ಲು ಕ್ವಾರಿಯ ಸ್ಫೋಟ ಭೂಕಂಪ ತರುತ್ತದೆಯೇ?

ಸ್ಫೋಟ ತಾನೇ ನೆಲ ನಡುಗಿಸುತ್ತದೆ, ಆದರೆ ಕಿಲೋಮೀಟರ್‌ಗಟ್ಟಲೆ ಆಳದ ಬಿರುಕನ್ನು ಎಬ್ಬಿಸುವ ಶಕ್ತಿ ಸಾಮಾನ್ಯ ಕ್ವಾರಿ ಸ್ಫೋಟಕ್ಕಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕ್ವಾರಿಗೆಂದು ತಂದಿದ್ದ ಸ್ಫೋಟಕ ಸಿಡಿದಾಗ, ಚಿಕ್ಕಮಗಳೂರಿನ ಕಡೆಯವರೂ ಭೂಕಂಪವೆಂದು ಹೊರಗೋಡಿ ಬಂದರು. ಕಂಪನಮಾಪಕದ ಗೆರೆ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಸ್ಫೋಟ ಸುತ್ತಲೂ ಒಂದೇ ಸಮ ಹೊರಕ್ಕೆ ನೂಕುತ್ತದೆ. ಬಿರುಕು ಜಾರಿದಾಗ ಒಂದು ಕಡೆ ನೂಕು, ಇನ್ನೊಂದು ಕಡೆ ಸೆಳೆತ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ 1965ರಿಂದ ಇರುವ ಕಂಪನಮಾಪಕಗಳ ಜಾಲವನ್ನು ಹೂಡಿದ್ದೇ ದೂರದ ಪರಮಾಣು ಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಲು.

ಆಳದ ಗಣಿಯ ಮಾತು ಬೇರೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೆಜಿಎಫ್‌ನಲ್ಲಿ ಕಲ್ಲು ತಾನಾಗಿ ಸಿಡಿಯುವ ‘ರಾಕ್‌ಬರ್ಸ್ಟ್’ ಗಣಿ ಕಾರ್ಮಿಕರ ನಿತ್ಯದ ಭಯವಾಗಿತ್ತು. ದೊಡ್ಡ ಸಿಡಿತವಾದರೆ ಮೇಲಿನ ಊರೂ ಅದುರುತ್ತಿತ್ತು.

ಭಾರಿ ಸದ್ದಾದರೆ ಅದು ಭೂಕಂಪವೇ?

ಯಾವಾಗಲೂ ಅಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರನ್ನು ಬೆಚ್ಚಿಬೀಳಿಸಿದ ಸದ್ದು ವಾಯುಪಡೆಯ ವಿಮಾನ ಶಬ್ದದ ವೇಗ ಮೀರಿದ್ದರಿಂದ ಆದದ್ದು. ಕಂಪನಮಾಪಕಗಳಲ್ಲಿ ಭೂಕಂಪದ ಗುರುತೇ ಇರಲಿಲ್ಲ.

ದಖ್ಖನಿನ ಜ್ವಾಲಾಮುಖಿ ಮತ್ತೆ ಏಳುತ್ತಿದೆಯೇ?

ಇಲ್ಲ. ಅದು 6.6 ಕೋಟಿ ವರ್ಷ ಹಿಂದಿನ ಸಂಗತಿ.

ಗ್ರಹಣ, ಅಮಾವಾಸ್ಯೆ?

ಚಂದ್ರನ ಸೆಳೆತಕ್ಕೆ ಗಟ್ಟಿ ನೆಲವೂ ಒಂದಿಷ್ಟು ಏರಿಳಿಯುತ್ತದೆ, ಮತ್ತು ಲಕ್ಷಾಂತರ ಕಂಪನಗಳ ಅಂಕಿಅಂಶದಲ್ಲಿ ಅದರ ಮಸುಕಾದ ಗುರುತು ಕೆಲವೆಡೆ ಸಿಕ್ಕಿದೆ. ಆದರೆ ಪಂಚಾಂಗ ನೋಡಿ ಭೂಕಂಪದ ದಿನ ಹೇಳುವವರ ನೆರವಿಗೆ ಬರುವಷ್ಟು ಅದು ದೊಡ್ಡದಲ್ಲ.

ಸಣ್ಣ ಕಂಪನಗಳಾದರೆ ಒತ್ತಡ ಹೊರಗೆ ಹೋಗಿ ದೊಡ್ಡದು ತಪ್ಪುತ್ತದಂತೆ?

ಸಮಾಧಾನ ಹೇಳುವವರ ಮೆಚ್ಚಿನ ಮಾತು. ಲೆಕ್ಕ ಮಾಡಿದರೆ ನಿಲ್ಲುವುದಿಲ್ಲ. ತೀವ್ರತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 6ರ ಒಂದು ಭೂಕಂಪದ ಶಕ್ತಿ ಖರ್ಚಾಗಬೇಕಾದರೆ 3ರ ಕಂಪನಗಳು ಮೂವತ್ತು ಸಾವಿರಕ್ಕೂ ಹೆಚ್ಚು ಬೇಕು.

ಹಾಗಾದರೆ ಸಣ್ಣವು ದೊಡ್ಡದರ ಮುನ್ಸೂಚನೆಯೇ?

ಹೇಳಲು ಬಾರದು, ಮತ್ತು ಈ ವಿಷಯದಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ. ಕಿಲ್ಲಾರಿಯಲ್ಲಿ 1992ರ ಅಕ್ಟೋಬರ್–ನವೆಂಬರಿನಲ್ಲಿ ಕಂಪನಗಳ ಸಾಲು ಬಂದಿತ್ತು. ಜನ ಹೆದರಿದರು, ಆಮೇಲೆ ನಿಂತಿತು, ಮರೆತರು. ಸುಮಾರು ಒಂದು ವರ್ಷದ ಮೇಲೆ ದೊಡ್ಡದು ಬಂತು. ಇದನ್ನು ಓದಿದರೆ ಪ್ರತಿ ಸಾಲೂ ಎಚ್ಚರಿಕೆಯ ಗಂಟೆ ಅನ್ನಿಸುತ್ತದೆ. ಆದರೆ ಮಹಾರಾಷ್ಟ್ರದ ಪಾಲಘರದಲ್ಲಿ 2018ರ ನವೆಂಬರಿನಲ್ಲಿ ಶುರುವಾದ ಕಂಪನಗಳು ಸಾವಿರಗಟ್ಟಲೆ ಬಂದವು, 4ರ ಆಸುಪಾಸಿನಲ್ಲೇ ಉಳಿದವು. ಬಹುಪಾಲು ಸಾಲುಗಳು ಹೀಗೆಯೇ ತಣ್ಣಗಾಗುತ್ತವೆ. ನಡೆಯುತ್ತಿರುವಾಗ ಇದು ಕಿಲ್ಲಾರಿಯೋ ಪಾಲಘರವೋ ಎಂದು ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ಕೈಲಾಗುವ ಕೆಲಸ ಒಂದೇ: ಕೂಡಲೇ ಆ ಹಳ್ಳಿಗಳಿಗೆ ತಾತ್ಕಾಲಿಕ ಕಂಪನಮಾಪಕ ಒಯ್ದು, ಕಂಪನದ ಆಳ ಮತ್ತು ಜಾಗ ಬದಲಾಗುತ್ತಿದೆಯೇ ನೋಡುವುದು, ಅಷ್ಟರಲ್ಲಿ ದುರ್ಬಲ ಮಾಳಿಗೆಗಳಿಗೆ ಆಸರೆ ಕೊಡುವುದು.

ಎಲ್ಲೋ ದೂರದಲ್ಲಿ ಆದ ಭೂಕಂಪದ ನಡುಕ ನಮ್ಮೂರಿನವರೆಗೂ ಹೇಗೆ ತಲುಪುತ್ತದೆ?

ಹಳೆಯ, ತಣ್ಣಗಿನ, ಗಟ್ಟಿ ಕಲ್ಲಿನಲ್ಲಿ ಅಲೆಗಳು ಬೇಗ ಸೊರಗುವುದಿಲ್ಲ. 2011ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 5.8ರ ಭೂಕಂಪವಾದಾಗ ದೇಶದ ಪೂರ್ವ ಭಾಗವೆಲ್ಲ ಅದುರಿ, ವಾಷಿಂಗ್ಟನ್ ಸ್ಮಾರಕದಲ್ಲೂ ಬಿರುಕು ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅಷ್ಟೇ ತೀವ್ರತೆಯದು ಇಷ್ಟು ದೂರ ತಲುಪದು.

ನಮ್ಮ ಜಿಲ್ಲೆ ಎರಡನೇ ವಲಯದಲ್ಲಿದೆ ಎನ್ನುತ್ತಾರೆ. ಅಂದರೆ ಸುರಕ್ಷಿತವೇ?

ಕಿಲ್ಲಾರಿಗೂ ಹಾಗೆಯೇ ಹೇಳಿದ್ದರು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ಕೈಬಿಟ್ಟರು. ಭೂಕಂಪದ ಲೆಕ್ಕ ಇಡಬೇಕಿಲ್ಲದ ಜಾಗ ದೇಶದಲ್ಲಿ ಇಲ್ಲ ಎಂಬುದು ಅದರ ಅರ್ಥ. ವಲಯದ ಸಂಖ್ಯೆ ಇರುವುದು ಎಂಜಿನಿಯರ್ ಎಷ್ಟು ಬಲಕ್ಕೆ ಕಟ್ಟಡ ರೂಪಿಸಬೇಕೆಂದು ಹೇಳಲು. ಭೂಕಂಪ ಬರುವುದಿಲ್ಲವೆಂಬ ಭರವಸೆಯಾಗಿ ಅದನ್ನು ಓದಬಾರದು.

ಹಳೆಯ ಕಲ್ಲು–ಮಣ್ಣಿನ ಮನೆ ಇರುವವರು ಏನು ಮಾಡಬಹುದು?

ಮಾಳಿಗೆಯ ಮೇಲೆ ವರ್ಷವರ್ಷ ಹೇರಿದ ಮಣ್ಣಿನ ಭಾರ ತಗ್ಗಿಸುವುದು ಮೊದಲ ಕೆಲಸ. ಗೋಡೆಯ ಎರಡೂ ಮೈಗೆ ತಾಗುವಂತೆ ಅಲ್ಲಲ್ಲಿ ಉದ್ದ ಕಲ್ಲು ಅಥವಾ ಕಾಂಕ್ರೀಟ್ ಕೊಂಡಿ ಕೂರಿಸಿದರೆ ಗೋಡೆ ಉಬ್ಬಿ ಸೀಳುವುದು ತಪ್ಪುತ್ತದೆ. ಬಾಗಿಲು–ಕಿಟಕಿಗಳ ಮೇಲ್ಭಾಗದಲ್ಲಿ ನಾಲ್ಕೂ ಗೋಡೆ ಸುತ್ತುವ ಪಟ್ಟಿ ಇರಬೇಕು. ಹೊಸ ಮನೆಗೆ ಈ ಪಟ್ಟಿಯ ಖರ್ಚು ಬಣ್ಣದ ಖರ್ಚಿಗಿಂತ ಹೆಚ್ಚೇನೂ ಆಗದು, ಆದರೂ ಗುತ್ತಿಗೆದಾರರು ಮೊದಲು ಕೈಬಿಡುವುದು ಇದನ್ನೇ.

ಕಂಪನದ ಅನುಭವವಾದರೆ ಯಾರಿಗೆ, ಏನು ತಿಳಿಸಬೇಕು?

ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ಮೊಬೈಲ್ ಆ್ಯಪ್ ಇದೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಥವಾ ತಹಶೀಲ್ದಾರ್ ಕಚೇರಿಗೆ ಹೇಳಬಹುದು. ನಿಮಿಷ ಸಹಿತ ಸಮಯ, ಊರಿನ ಹೆಸರು, ಸದ್ದು ಮೊದಲೋ ನಡುಕ ಮೊದಲೋ, ಪಾತ್ರೆ ಅಲುಗಿತೇ, ಗೋಡೆ ಬಿರುಕುಬಿಟ್ಟಿತೇ ಎಂಬುದನ್ನು ಬರೆದಿಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ಅದರೊಳಗೆ ಬೆರೆಸಬೇಡಿ. ಏನೂ ಅನುಭವವಾಗದಿದ್ದರೆ ಅದನ್ನೂ ತಿಳಿಸಿ, ಕಂಪನ ಎಲ್ಲಿಗೆ ನಿಂತಿತೆಂದು ಗೆರೆ ಎಳೆಯುವವರಿಗೆ ಅಂಥ ಉತ್ತರವೂ ಬೇಕು.